ಅಕ್ಕನ ಪಾಲು

ನಾಗರ ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಉಳಿದ ಹಬ್ಬಗಳಲ್ಲಿ ಹೆಣ್ಣಿಗೆ ಒಲೆಯ ಮುಂದಿನ ಜಾಗವಾದರೆ, ಪಂಚಮಿಯಲ್ಲಿ ಜೋಕಾಲಿಯ ಮೇಲೆ ಜಾಗ. ಕೊಟ್ಟ ಮಗಳನ್ನು ತವರಿನವರು ಕರೆದು ತರಬೇಕು. ಅಣ್ಣನೋ ತಮ್ಮನೋ ಬಂದು ಕರೆದರೇ ಸೊಸೆಯನ್ನು ಕಳಿಸುವುದು ಎಂಬ ಬಿಗುವು ಹಳೆಯ ಮನೆಗಳಲ್ಲಿತ್ತು. ಕರೆಯಲು ಬರುವ ಅಣ್ಣನ ದಾರಿ ಕಾಯುವ ಹಾಡುಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ಅಣ್ಣ ತಮ್ಮಂದಿರೇ ಇಲ್ಲದ ಮನೆಯ ಹೆಣ್ಣುಮಕ್ಕಳು ಯಾರ ದಾರಿ ಕಾಯಬೇಕು?

ನಾವು ನಾಲ್ವರೂ ಹೆಣ್ಣುಮಕ್ಕಳೇ. ಹಿರಿಯಳಾದ ನಾನು ಹಾನಗಲ್ಲಿನಲ್ಲಿಯೇ ಶಿಕ್ಷಕಿಯಾಗಿ ತವರೂರಿನಲ್ಲಿ ಉಳಿದೆ. ತಂಗಿಯರಲ್ಲಿ ಒಬ್ಬಳು ಶಿಗ್ಗಾವಿಗೆ, ಒಬ್ಬಳು ಸವಣೂರಿಗೆ, ಕಿರಿಯಳು ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿಗೆ ಹೋದರು. ಅಪ್ಪ ತೀರಿಕೊಂಡ ಮೇಲೂ ಅವ್ವ ಇದ್ದಷ್ಟು ದಿನ ಕರೆಯುವವರಿಗೆ ಕೊರತೆಯಿರಲಿಲ್ಲ. ಫೋನಿನಲ್ಲಿ ಗದರಿಸಿಯೇ ಮೂವರನ್ನೂ ಕರೆಸಿಕೊಳ್ಳುತ್ತಿದ್ದಳು. 2022ರ ಮೊದಲಲ್ಲಿ ಅವ್ವ ಹೋದಳು. ಆ ವರ್ಷ ನಮಗೆ ಹಬ್ಬವಿರಲಿಲ್ಲ. ಅವಳಿದ್ದ ಬಾಡಿಗೆ ಮನೆಯನ್ನು ಬಿಟ್ಟುಕೊಟ್ಟು, ರೊಟ್ಟಿ ಹಂಚು, ಜೋಕಾಲಿ ಹಗ್ಗ, ಎಲೆ ಅಡಿಕೆ ಕುಟ್ಟುವ ಕುಟ್ಟಾಣಿ ಇಷ್ಟನ್ನು ನನ್ನ ಮನೆಗೆ ತಂದೆ. ಅಂದು ಸವಣೂರಿನವಳು, "ಇನ್ನ ನಮ್ಮ ತವರು ಮುಗೀತಲ್ಲ ಅಕ್ಕಾ" ಎಂದಳು. ಉತ್ತರ ಹೊಳೆಯಲಿಲ್ಲ.

2023ರಲ್ಲಿ ಅಧಿಕ ಶ್ರಾವಣ ಬಂದು ಪಂಚಮಿ ತಡವಾಗಿ ಆಗಸ್ಟ್ 21ರ ಸೋಮವಾರಕ್ಕೆ ಬಿತ್ತು. ಶನಿವಾರ ರೊಟ್ಟಿ ಹಬ್ಬ, ರವಿವಾರ ಚೌತಿ. ಸೋಮವಾರಕ್ಕೊಂದು ಸಾಂದರ್ಭಿಕ ರಜೆ ಬರೆದುಕೊಟ್ಟು ಮೂವರಿಗೂ ಫೋನು ಮಾಡಿದೆ. "ಅವ್ವನ ಹಂಚು ನನ್ನ ಕಡೆ ಐತಿ. ಹಬ್ಬ ಇಲ್ಲೇ. ಎಲ್ಲಾರೂ ಬರ್‍ರಿ" ಎಂದೆ.

ಕಿರಿಯಳು ಒಪ್ಪಲಿಲ್ಲ. ಆ ಆಗಸ್ಟಿನಲ್ಲಿ ಮಳೆ ಕೈಕೊಟ್ಟಿತ್ತು. ಮುಂದೆ ಸೆಪ್ಟೆಂಬರಿನಲ್ಲಿ ಸರ್ಕಾರ ಬರಪೀಡಿತ ತಾಲ್ಲೂಕುಗಳ ಪಟ್ಟಿಯನ್ನೇ ಹೊರಡಿಸಬೇಕಾಯಿತು. "ಗೋವಿನಜೋಳ ನಿಂತಲ್ಲೇ ಒಣಗಾಕ ಹತ್ತೈತಿ. ಮನ್ಯಾಗ ಎಲ್ಲಾರ ಮಾರಿ ಸಣ್ಣ ಆಗೈತಿ. ನಾ ಹ್ಯಾಂಗ ಉಂಡಿ ಕಟಗೊಂಡ ಬರ್ಲಿ?" ಎಂದಳು. ಬರಿಗೈಲಿ ಬಾ ಎಂದೆ. ಅವಳ ಅತ್ತೆಯೇ ಶೇಂಗಾ, ಬೆಲ್ಲ ಎದುರಿಗಿಟ್ಟು, "ಮಳಿ ನೀ ಇಲ್ಲೇ ಕುಂತ್ರ ಬರ್ತೈತೇನು? ಹೋಗಿ ಬಾ" ಎಂದು ಹೊರಡಿಸಿದರಂತೆ. ಆ ಹಿರಿಯ ಜೀವವನ್ನು ನಾನು ಇಂದಿಗೂ ನೆನೆಯುತ್ತೇನೆ.

ಆ ವರ್ಷ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಗಿತ್ತು. ಆಮೇಲೆ ಬಂದ ಮೊದಲ ಪಂಚಮಿ ಇದು. ಬಸ್ಸುಗಳ ಗದ್ದಲ ಕೇಳಬೇಕೆ! ಶಿಗ್ಗಾವಿಯವಳು ದಾರಿಯುದ್ದಕ್ಕೂ ರೊಟ್ಟಿಯ ಗಂಟನ್ನು ತಲೆಯ ಮೇಲೆ ಹಿಡಿದು ನಿಂತೇ ಬಂದಳು. ಮನೆಗೆ ಬಂದು ಬಿಚ್ಚಿದರೆ ಒಂದು ರೊಟ್ಟಿಯೂ ಇಡಿಯಾಗಿರಲಿಲ್ಲ. ಸವಣೂರಿನವಳು ಹೊಲಿಗೆ ಕೆಲಸ ಮಾಡುತ್ತಾಳೆ. ಒಂದು ಕಟ್ಟು ಎಲೆ, ಒಂದು ಪೊಟ್ಟಣ ಸವಣೂರಿನ ಖಾರ ತಂದಿದ್ದಳು. "ಮದಲ ಬಸ್ ಚಾರ್ಜಿಗೆ ಅವರ ಕಿಸೆ ನೋಡಬೇಕಿತ್ತಕ್ಕಾ. ಈ ಸಲ ಆಧಾರ್ ಕಾರ್ಡ್ ತಗೊಂಡೆ, 'ಹೋಗಿ ಬರ್ತೀನ್ರಿ' ಅಂದೆ, ಬಂದೆ" ಎಂದು ಸೊನ್ನೆ ರೂಪಾಯಿಯ ಟಿಕೆಟನ್ನು ತೋರಿಸಿದಳು. ಸಂಸಾರ ಮಾಡಿದ ಹೆಣ್ಣುಮಕ್ಕಳಿಗೆ ಆ ಮಾತಿನ ತೂಕ ಗೊತ್ತು. ಕರೆಯಲು ಅಣ್ಣ ಬರದಿದ್ದರೂ ಬಸ್ಸು ಬಂದಿತ್ತು.

ಹಬ್ಬದ ದಿನ ಒಲೆಯ ಮೇಲೆ ಹಂಚು ಇಡಬಾರದೆಂಬ ನಂಬಿಕೆ ನಮ್ಮಲ್ಲುಂಟು. ಅದಕ್ಕೇ ಕಟಿರೊಟ್ಟಿ ಮೊದಲೇ ಬಡಿದಿಟ್ಟುಕೊಳ್ಳುವುದು. ಶನಿವಾರ ಶಾಲೆ ಮುಗಿಸಿ ಬರುವಷ್ಟರಲ್ಲಿ ಓಣಿಯಲ್ಲಿ ರೊಟ್ಟಿ ಬೀರುವುದು ನಡೆದಿತ್ತು. ಆ ಮನೆಯ ಸಜ್ಜಿರೊಟ್ಟಿ ಈ ಮನೆಗೆ, ಈ ಮನೆಯ ಮಡಕಿಕಾಳು ಪಲ್ಯ, ಎಣಗಾಯಿ, ಗುರೆಳ್ಳು ಚಟ್ನಿ ಆ ಮನೆಗೆ. ಶಿಗ್ಗಾವಿಯ ರೊಟ್ಟಿಯ ಚೂರುಗಳನ್ನು ಯಾರಿಗೂ ಬೀರುವ ಹಾಗಿರಲಿಲ್ಲ. ಮೊಸರಿನಲ್ಲಿ ನೆನೆಸಿ ನಾವೇ ಉಂಡೆವು. ಎಲ್ಲಕ್ಕಿಂತ ರುಚಿ ಅದೇ ಆಗಿತ್ತು.

ಕಿರಿಯಳ ಶೇಂಗಾ ಉಂಡೆಯ ಕಥೆ ಬೇರೆ. ಪಾಕ ಏರಿ ಉಂಡೆಗಳು ಕಲ್ಲಾಗಿದ್ದವು. ಹುಡುಗರು ನೆಲಕ್ಕೆ ಬಡಿದು ನೋಡಿದರು, ಒಡೆಯಲಿಲ್ಲ. ಕೊನೆಗೆ ಅವ್ವನ ಕುಟ್ಟಾಣಿ ತಂದು ಕುಟ್ಟಿ, ಪುಡಿಯನ್ನು ಚಮಚದಿಂದ ತಿಂದೆವು. ಅದಕ್ಕೆ ಇನ್ನೂ ಎಲೆ ಅಡಿಕೆಯ ವಾಸನೆಯಿತ್ತು. ಯಾರೂ ದೂರಲಿಲ್ಲ.

ರವಿವಾರ ಜೋಕಾಲಿ. ನಮ್ಮ ಓಣಿಯ ಬೇವಿನ ಮರ ರಸ್ತೆ ಅಗಲಿಸುವಾಗ ಹೋಗಿತ್ತು. ನಮ್ಮ ಮನೆಯವರು ಪಡಸಾಲೆಯ ತೊಲೆಗೆ ಹಗ್ಗ ಕಟ್ಟಿಕೊಟ್ಟರು. ಜೀಕಿದರೆ ಕಾಲು ನೆಲಕ್ಕೆ, ತಲೆ ಗೋಡೆಗೆ. ಆದರೂ ಸರದಿಗಾಗಿ ಮಕ್ಕಳ ಜೊತೆ ನಾವೂ ಜಗಳಾಡಿದೆವು. ಗಂಟು ಜಾರಿ ಸವಣೂರಿನವಳು ಮಣೆಯ ಸಮೇತ ನೆಲಕ್ಕೆ ಕುಳಿತಾಗ ಪಕ್ಕದ ಮನೆಯವರು ಓಡಿ ಬಂದರು. ನಗುವುದನ್ನು ನೋಡಿ ಅವರೂ ಜೋಕಾಲಿಗೆ ಸಾಲು ನಿಂತರು.

ಸೋಮವಾರ ಮಣ್ಣಿನ ನಾಗಪ್ಪನಿಗೆ ಅರಿಸಿನ, ಕುಂಕುಮ, ಹಂಗನೂಲು ಏರಿಸಿ, ಅಳ್ಳು, ತಂಬಿಟ್ಟು, ನೆನೆಸಿದ ಕಡಲೆ ಇಟ್ಟು ಹಾಲೆರೆಯಲು ಕುಳಿತೆವು. "ಹಾವು ಹಾಲು ಕುಡಿಯೂದಿಲ್ಲ ದೊಡ್ಡವ್ವಾ" ಎಂದ ಶಿಗ್ಗಾವಿಯ ಹುಡುಗ. ನಿಜವೇ. ಒಬ್ಬೊಬ್ಬರಿಗೆ ಒಂದೇ ಚಮಚ ತೆಗೆದಿರಿಸಿ, ಉಳಿದ ಹಾಲನ್ನು ಕಾಯಿಸಿ ಮಕ್ಕಳಿಗೇ ಕೊಟ್ಟೆವು.

ಹಾಲೆರೆಯುವಾಗ ಒಬ್ಬೊಬ್ಬರ ಪಾಲು ಹೇಳುವುದು ರೂಢಿ. ಗುರುವಿನ ಪಾಲು, ತಂದೆಯ ಪಾಲು ಎಂದೆವು. ತಾಯಿಯ ಪಾಲು ಎನ್ನುವಾಗ ನಾಲ್ವರ ದನಿಯೂ ಇಳಿಯಿತು. ಮುಂದಿನದು ಅಣ್ಣನ ಪಾಲು. ಅವ್ವ ಇದ್ದಾಗ ಅವಳೇ ಓಣಿಯ ಹುಡುಗರ ಹೆಸರು ಹಿಡಿದು ಅದನ್ನು ದಾಟಿಸುತ್ತಿದ್ದಳು. ಈಗ ಯಾರು ಹೇಳಬೇಕು? ಕಿರಿಯಳು ಚಮಚ ಹಿಡಿದು, ತಲೆ ಎತ್ತದೆ, "ಇದು ಅಕ್ಕನ ಪಾಲು" ಎಂದಳು. ಉಳಿದಿಬ್ಬರೂ ಹಾಗೆಯೇ ಹೇಳಿದರು. ಮೂವತ್ತು ವರ್ಷ ತರಗತಿಯಲ್ಲಿ ಮಾತಾಡಿದ ನನಗೆ ಆಗ ಮಾತು ಬರಲಿಲ್ಲ. ಮೂರು ತೊಟ್ಟು ಹಾಲನ್ನು ತಂಗಿಯರ ಹೆಸರಿಗೆ ಎರೆದೆ.

ಮಂಗಳವಾರ ಬಸ್ ನಿಲ್ದಾಣದಲ್ಲಿ ಶಿಗ್ಗಾವಿಯವಳು, "ಪ್ರತಿ ಸಲ ನೀನೇ ಯಾಕ ಮಾಡಬೇಕು? ಬರೂ ವರ್ಷ ನಮ್ಮನ್ಯಾಗ" ಎಂದಳು. ಕರೆಯುವವರಿದ್ದಲ್ಲಿ ತವರು ಎಂದಾದ ಮೇಲೆ ಅದು ಒಂದೇ ಊರಿನಲ್ಲಿ ಯಾಕಿರಬೇಕು? 2024ರಲ್ಲಿ ಶಿಗ್ಗಾವಿಯಲ್ಲಿ, 2025ರಲ್ಲಿ ಸವಣೂರಿನಲ್ಲಿ ಕೂಡಿದೆವು. ಇನ್ನು ಹಿರೇಕೆರೂರಿನ ಸರದಿ. ಉಂಡೆಯನ್ನು ತಾನೇ ಕಟ್ಟುವುದಾಗಿ ಕಿರಿಯಳು ಹಟ ಹಿಡಿದಿದ್ದಾಳೆ. ಕುಟ್ಟಾಣಿಯನ್ನು ನಾನು ಚೀಲದಲ್ಲಿ ಹಾಕಿಕೊಂಡೇ ಹೋಗುತ್ತೇನೆ.