'ಆಕ್ಸಿಡೆಂಟ್' ಚಿತ್ರದ ರಾಮಣ್ಣ

ಕನ್ನಡದ ಅಪರಾಧ ಕಥೆಯ ಚಿತ್ರಗಳಲ್ಲಿ ನಿಮಗೆ ಮೆಚ್ಚಿಗೆಯಾದುದು ಯಾವುದು ಎಂದು ಹಳೆಯ ವಿದ್ಯಾರ್ಥಿಯೊಬ್ಬರು ಕೇಳಿದ್ದರು. ಶಂಕರ್ ನಾಗ್ ನಿರ್ದೇಶಿಸಿದ 'ಆಕ್ಸಿಡೆಂಟ್' (1985) ಎಂಬುದು ನನ್ನ ಉತ್ತರ.

ಮಾದಕ ದ್ರವ್ಯದ ಅಮಲಿನಲ್ಲಿದ್ದ ಇಬ್ಬರು ಸಿರಿವಂತ ತರುಣರ ಕಾರು, ರಾತ್ರಿ ಫುಟ್‌ಪಾತಿನ ಮೇಲೆ ಮಲಗಿದ್ದ ಬಡವರ ಮೇಲೆ ಹರಿಯುತ್ತದೆ. ಬದುಕುಳಿದವನು ರಾಮಣ್ಣನೊಬ್ಬನೇ. ಕಾರು ನಡೆಸಿದವನ ತಂದೆ ಧರ್ಮಾಧಿಕಾರಿ ಪ್ರಭಾವಿ ರಾಜಕಾರಣಿ. ಅಪರಾಧಿ ಯಾರೆಂಬುದು ನಮಗೆ ಮೊದಲೇ ಗೊತ್ತು; ಸತ್ಯ ಹೊರಬಂದೀತೇ ಎಂಬುದೇ ಇಲ್ಲಿನ ಕುತೂಹಲ. ಚಿತ್ರದಲ್ಲಿ ಹಾಡುಗಳಿಲ್ಲ, ಇಳಯರಾಜಾ ಅವರ ಹಿನ್ನೆಲೆ ಸಂಗೀತವಷ್ಟೇ ಇದೆ. 32ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಸಾಮಾಜಿಕ ಸಮಸ್ಯೆಯ ಕುರಿತ ಚಿತ್ರವೆಂದು ಇದು ಮನ್ನಣೆ ಪಡೆಯಿತು.

ಧರ್ಮಾಧಿಕಾರಿಯಾಗಿ ಅನಂತ್ ನಾಗ್ ಅವರದು ಅಬ್ಬರವಿಲ್ಲದ ಅಭಿನಯ. ಮಗನನ್ನು ಉಳಿಸಿಕೊಳ್ಳಬೇಕೆಂಬ ತಂದೆಯ ತಳಮಳ ನಮಗೂ ಅರ್ಥವಾಗುವಂಥದು. ಆ ಮಮತೆಯೇ ಅನ್ಯಾಯಕ್ಕೆ ದಾರಿಯಾಗುವುದನ್ನು ಕಂಡಾಗ ಭಯವಾಗುತ್ತದೆ. ಪತ್ರಕರ್ತನ ಪಾತ್ರದಲ್ಲಿ ಸ್ವತಃ ಶಂಕರ್ ನಾಗ್ ಇದ್ದಾರೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದವನು ರಮೇಶ್ ಭಟ್ಟರ ರಾಮಣ್ಣ.

ಕ್ಯಾರಲ್ ರೀಡ್ ನಿರ್ದೇಶಿಸಿದ ಬ್ರಿಟಿಷ್ ಚಿತ್ರ 'ದಿ ಥರ್ಡ್ ಮ್ಯಾನ್' (1949) ಇಲ್ಲಿ ನೆನಪಾಗುತ್ತದೆ. ಯುದ್ಧಾನಂತರದ ವಿಯೆನ್ನಾದಲ್ಲಿ ಕಲಬೆರಕೆ ಪೆನಿಸಿಲಿನ್ ಮಾರುವ ಹ್ಯಾರಿ ಲೈಮ್, ಎತ್ತರದ ಜಾತ್ರೆ ತೊಟ್ಟಿಲಿನಿಂದ ಕೆಳಗಿನ ಜನರನ್ನು ಬರಿಯ ಚುಕ್ಕೆಗಳಂತೆ ಕಾಣುತ್ತಾನೆ. ಆರ್ಸನ್ ವೆಲ್ಸ್ ಅದನ್ನು ನಗುನಗುತ್ತಲೇ ಅಭಿನಯಿಸಿದ್ದಾರೆ. ಕಾರಿನೊಳಗಿನ ತರುಣರಿಗೂ ಫುಟ್‌ಪಾತಿನ ಜನ ಅಂಥ ಚುಕ್ಕೆಗಳೇ. ರಾಮಣ್ಣನಿಂದಾಗಿ ಅವುಗಳಲ್ಲೊಂದಕ್ಕೆ ಹೆಸರೂ ಮುಖವೂ ಬಂದವು.

ನಮ್ಮ ಅರಕೇರಾ, ದೇವದುರ್ಗದ ಕಡೆಯವರಿಗೆ ಇದು ದೂರದ ಕಥೆಯಲ್ಲ. ಮಳೆ ಕೈಕೊಟ್ಟ ವರ್ಷ ಇಲ್ಲಿಂದ ಬೆಂಗಳೂರಿಗೆ ಗುಳೆ ಹೋದ ಕುಟುಂಬಗಳೆಷ್ಟೋ! ತಂದೆತಾಯಿಯರ ಜೊತೆಗೆ ಮಕ್ಕಳೂ ಹೋಗುತ್ತಿದ್ದರು. ಹಾಜರಿ ಕರೆಯುವಾಗ ಕೆಲವು ಹೆಸರುಗಳಿಗೆ ಉತ್ತರ ಬರುತ್ತಿರಲಿಲ್ಲ. ಅವರಲ್ಲಿ ಕೆಲವರು ಮತ್ತೆ ಶಾಲೆಗೆ ಬರಲೇ ಇಲ್ಲ. ಮಹಾನಗರದಲ್ಲಿ 'ಕೂಲಿಕಾರರು' ಎಂಬ ಒಂದೇ ಪದದೊಳಗೆ ಕರಗಿಹೋಗುವ ಅವರಿಗೆ, ನನ್ನ ಹಾಜರಿ ಪುಸ್ತಕದಲ್ಲಿ ಬೇರೆಬೇರೆ ಹೆಸರುಗಳಿದ್ದವು.

ಈ ಚಿತ್ರ ಮಾಡಿದ ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ರಸ್ತೆ ಅಪಘಾತಕ್ಕೇ ಬಲಿಯಾದುದು ವಿಧಿಯ ಕ್ರೌರ್ಯ. ಬೆಂಗಳೂರಿನಲ್ಲಿ ನೆಲೆಸಿ ಕಾರು ಕೊಂಡಿರುವ ನನ್ನ ಶಿಷ್ಯರು ಈ ಚಿತ್ರವನ್ನು ಒಮ್ಮೆ ನೋಡಬೇಕು. ರಾತ್ರಿ ವಾಹನ ನಡೆಸುವಾಗ ರಸ್ತೆಯ ಅಂಚಿನತ್ತಲೂ ಕಣ್ಣಿರಲಿ. ಅಲ್ಲಿ ಮಲಗಿರುವವರು ನಿಮ್ಮ ತರಗತಿಯಲ್ಲೇ ಕುಳಿತಿದ್ದವರಾಗಿರಬಹುದು.