ಇಕ್ಕಟ್ಟಿನ ಸುರುಳಿ

ನನ್ನ ಸಂಶೋಧನೆ ‘ಫ್ರಸ್ಟ್ರೇಟೆಡ್’ ಅಯಸ್ಕಾಂತಗಳ ಮೇಲೆ. ‘ಹತಾಶ’ ಎಂದರೆ ಒಗ್ಗದು; ಅವು ಸೋತು ಕುಳಿತವಲ್ಲ. ಮ್ಯಾಂಗನೀಸ್, ಸ್ಕ್ಯಾಂಡಿಯಂ, ಗಂಧಕ ಸೇರಿದ ಒಂದು ಹರಳಿದೆ. ಅದರಲ್ಲಿ ಪ್ರತಿ ಮ್ಯಾಂಗನೀಸ್ ಸ್ಪಿನ್ನಿಗೂ ಪಕ್ಕದವರ ಮಾತು, ಆಚೆಯವರ ಮಾತು ಎರಡನ್ನೂ ನಡೆಸಲಾಗದು. ಹಾಗಾಗಿ ಸ್ಪಿನ್‌ಗಳು ಸಾಲಿನಲ್ಲಿ ತುಸುತುಸುವೇ ತಿರುಗುತ್ತ ಸುರುಳಿಯಾಗುತ್ತವೆ. ಸುರುಳಿ ಸಾಗಬಹುದಾದ ಅಸಂಖ್ಯ ದಿಕ್ಕುಗಳಿಗೆ ಹೆಚ್ಚುಕಡಿಮೆ ಒಂದೇ ಶಕ್ತಿ. 2007ರಲ್ಲಿ ಸಿದ್ಧಾಂತ ಹೇಳಿದ ಈ ‘ಸುರುಳಿ ಸ್ಪಿನ್ ದ್ರವ’ವನ್ನು 2017ರಲ್ಲಿ ನ್ಯೂಟ್ರಾನ್ ಪ್ರಯೋಗ ಕಾಣಿಸಿತು.

ನವಲಗುಂದದ ಮನೆಯಲ್ಲಿ ಅವ್ವನದು ಒಂದೇ ಪ್ರಶ್ನೆ: “ನೌಕರಿ ಯಾವಾಗ, ಲಗ್ನ ಯಾವಾಗ?” ಈ ಸಲ ಉತ್ತರದ ಬದಲು ಹರಳಿನ ಕತೆ ಹೇಳಿದೆ. “ಪಾಪ, ಇಕ್ಕಟ್ಟಿನ್ಯಾಗ ಬಿದ್ದಾವಲ್ಲ” ಅಂದಳು.

ಹುಡುಕುತ್ತಿದ್ದ ಪದ ಸಿಕ್ಕಿತು. ಸುಮಾರು 2.3 ಕೆಲ್ವಿನ್‌ಗೆ ತಣಿದಾಗ ಹರಳು ಒಂದು ಕ್ರಮಕ್ಕೆ ಬರುತ್ತದೆ. ಅದಕ್ಕೆ ಅವಸರವಿಲ್ಲ. ನನ್ನ ಫೆಲೋಶಿಪ್ ಮಾರ್ಚಿಗೆ ಮುಗಿಯುತ್ತದೆ.