ಕಣ್ಣ ಕೆಳಗಿನ ತಗ್ಗು

"ಟೀಚರ್, ಅತ್ತೀರೇನ್ರಿ?"

ನೋಟ್‌ಬುಕ್ ತಿದ್ದಿಸಿಕೊಳ್ಳಲು ಬಂದ ಎಂಟನೆಯ ತರಗತಿಯ ಹುಡುಗಿ ಮೆಲ್ಲಗೆ ಕೇಳಿದಳು. ನಾನು ಅತ್ತಿರಲಿಲ್ಲ. ಹಿಂದಿನ ರಾತ್ರಿ ಒಂಬತ್ತೂವರೆಗೇ ಮಲಗಿದ್ದೆ. ಆದರೂ ಅಂದು ಸಂಜೆ ವಿದ್ಯಾಗಿರಿಯ ಮನೆಗೆ ಬಂದವಳೇ ಕೈಕಾಲು ತೊಳೆಯುವ ಮೊದಲು ಕನ್ನಡಿಯ ಮುಂದೆ ನಿಂತೆ. ಕಣ್ಣ ಕೆಳಗೆ, ಮೂಗಿನ ಬದಿಯಿಂದ ಕೆನ್ನೆಯವರೆಗೆ ಒಂದು ತಗ್ಗು. ಅದರ ಮೇಲೊಂದು ಉಬ್ಬು. ಅತ್ತವರ ಮುಖವೇ.

ಆರು ತಿಂಗಳಿಂದ ಮಧ್ಯಾಹ್ನದ ಪಿರಿಯಡ್ಡುಗಳನ್ನು ಕುಳಿತೇ ತೆಗೆದುಕೊಳ್ಳುತ್ತಿದ್ದೆ. ಐವತ್ತಾರು ದಾಟಿತಲ್ಲ, ಸಾಕೆಂದು ಸ್ವಯಂ ನಿವೃತ್ತಿಯ ಅರ್ಜಿಯನ್ನೂ ಬರೆದಿಟ್ಟಿದ್ದೆ. ಆದರೆ ಬೀಳ್ಕೊಡುಗೆಯ ಫೋಟೋದಲ್ಲಿ ಈ ಮುಖ ಬರುವುದು ಮಾತ್ರ ನನಗೆ ಬೇಡವಾಗಿತ್ತು.

ಬೆಂಗಳೂರಿನಲ್ಲಿರುವ ತಂಗಿಯ ಮಗಳಿಗೆ ಫೋನಿನಲ್ಲಿ ಹೇಳಿಕೊಂಡೆ. "ದೊಡ್ಡವ್ವಾ, ಫಿಲ್ಲರ್ ಹಾಕಿಸ್ಕೊ. ಅರ್ಧ ತಾಸಿನ ಕೆಲಸ. ಕೊಯ್ಯೂದಿಲ್ಲ, ಹೊಲಿಯೂದಿಲ್ಲ. ಸೂಜಿಲೇ ತಗ್ಗು ತುಂಬತಾರ" ಎಂದಳು. ತಗ್ಗು ತುಂಬುವುದೆಂದರೆ ಬಾಗಲಕೋಟೆಯವರಾದ ನಮಗೆ ಆಲಮಟ್ಟಿಯ ಹಿನ್ನೀರೇ ನೆನಪು. ಮುಳುಗಡೆ ಈಗ ಮುಖಕ್ಕೂ ಬಂತೇ ಎಂದು ನಕ್ಕೆ. ನಕ್ಕವಳು ಮರುತಿಂಗಳಿಂದ ಹಣ ಕೂಡಿಡತೊಡಗಿದೆ. ಮನೆಯವರಿಗೆ ಹೇಳಲಿಲ್ಲ. ಈ ವಯಸ್ಸಿನಲ್ಲಿ ಇದೇಕೆ ಎಂದರೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಹದಿನೈದು ದಿನಕ್ಕೊಮ್ಮೆ ಮೀಸೆಗೆ ಬಣ್ಣ ಹಚ್ಚುವುದನ್ನು ಯಾರೂ ಏಕೆಂದು ಕೇಳಿಲ್ಲ, ಅದು ಬೇರೆ ಮಾತು.

ಗೆಳತಿಯ ಮನೆಗೆಂದು ಹೇಳಿ ಹುಬ್ಬಳ್ಳಿಗೆ ಹೋದೆ. ಚರ್ಮದ ಡಾಕ್ಟರು ನನ್ನ ಮಗಳ ವಯಸ್ಸಿನವರು. ಮೇಲೆ ನೋಡಿಸಿ, ಬೆರಳಿನಿಂದ ಚರ್ಮ ಎಳೆದು, ದೀಪ ಹಿಡಿದು ನೋಡಿದರು. ಒಳಗೆ ತುಂಬುವುದು ಹಯಲುರೋನಿಕ್ ಆಮ್ಲದ ಜೆಲ್. ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ ಇರುವಂಥದೇ ವಸ್ತು. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಅದನ್ನು ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನೊಳಗಿನ ಲೋಳೆಯಿಂದಂತೆ. ಈಗ ಹೆಚ್ಚಾಗಿ ಸೂಕ್ಷ್ಮಜೀವಿಗಳಿಂದ ತಯಾರಿಸುತ್ತಾರೆ. ತಗ್ಗಿಗೆ ಅದು ಸರಿ, ಚರ್ಮದ ಕಪ್ಪಿಗೆ ಅಲ್ಲ. ಶಾಶ್ವತವೂ ಅಲ್ಲ, ಬರಬರುತ್ತ ಕರಗುತ್ತದೆ. ಬೇಡವಾದರೆ ಬೇಗ ಕರಗಿಸುವ ಇಂಜೆಕ್ಷನ್ನೂ ಉಂಟು. ನೀರು ಹಿಡಿಯುವ ವಸ್ತುವಾದ್ದರಿಂದ ಊತವಿದ್ದವರಿಗೆ ಊತ ಹೆಚ್ಚಬಹುದು. ತೀರಾ ಅಪರೂಪಕ್ಕೆ ಜೆಲ್ ರಕ್ತನಾಳ ಹೊಕ್ಕು ದೃಷ್ಟಿ ಹೋದದ್ದೂ ಇದೆ. ಅದನ್ನು ಕೇಳಿ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡೆ.

"ದಣಿವು ಭಾಳ ಆಗ್ತದೇನ್ರಿ? ಥಂಡಿ ತಡಿಯೂದಿಲ್ಲೇನು? ಕೂದಲಾ ಉದುರತಾವೇನು?"

ಮೂರಕ್ಕೂ ಹೌದೆಂದೆ. ಅದೆಲ್ಲ ವಯಸ್ಸಿನ ಲೆಕ್ಕವೆಂದು ತಿಳಿದಿದ್ದೆ.

"ಸದ್ಯ ನಿಮಗ ಫಿಲ್ಲರ್ ಹಾಕೂದಿಲ್ರಿ. ಮೊದಲು ರಕ್ತ ತಪಾಸಣೆ ಮಾಡಿಸ್ರಿ."

ಬೇಡವೆಂದು ನಾನೇ ಹೇಳಿದ್ದರೆ ದೊಡ್ಡ ಮಾತಾಗುತ್ತಿತ್ತು. ಹೇಳಿದವರು ಅವರು, ನನಗೆ ನಿರಾಶೆಯೇ ಆಯಿತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತವಳಿಗೆ ನಿಜಕ್ಕೂ ಕಣ್ಣು ತುಂಬಿತು.

ರಿಪೋರ್ಟಿನಲ್ಲಿ, ನಾಲ್ಕೈದರೊಳಗೆ ಇರಬೇಕಾದ ಟಿಎಸ್‌ಎಚ್ 18 ಇತ್ತು. ಥೈರಾಯ್ಡ್ ಗ್ರಂಥಿ ಕೆಲಸ ಕಡಿಮೆ ಮಾಡಿತ್ತು. ಮುಖದ ಊತ, ದಣಿವು ಎಲ್ಲವೂ ಅದರದೇ. ಅಂದು ಮನೆಯವರಿಗೆ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ, ದಿನವೂ ಬೆಳಿಗ್ಗೆ ಬರಿಹೊಟ್ಟೆಗೆ ಮಾತ್ರೆ ನೆನಪಿಸುವವರು ಅವರೇ.

ಐದು ತಿಂಗಳಾಯಿತು. ಊತ ಇಳಿದಿದೆ. ಮಧ್ಯಾಹ್ನವೂ ನಿಂತೇ ಪಾಠ ಮಾಡುತ್ತೇನೆ. ಅರ್ಜಿಯನ್ನು ಹರಿದು ಹಾಕಿದೆ. ತಗ್ಗು ಮಾತ್ರ ಹಾಗೇ ಇದೆ, ಹಣವೂ ಟ್ರಂಕಿನಲ್ಲಿ ಇಳಕಲ್ ಸೀರೆಯ ಮಡಿಕೆಯೊಳಗೆ ಹಾಗೇ ಇದೆ. ಹಾಕಿಸಿಕೊಳ್ಳುವುದಿಲ್ಲವೆಂದು ನಾನೇನೂ ಆಣೆ ಮಾಡಿಲ್ಲ.